ಗುಂಡಿನ ಗುಣ, ತೋಟಾದ ಬಲ

ದೊಡ್ಡ ಮೃಗಗಳ ಬೇಟೆಗೆ ಯಾವ ತೋಟಾ ತಕ್ಕದ್ದು, ಯಾವ ಗುಂಡು ತಕ್ಕದ್ದು ಎಂಬ ಪ್ರಶ್ನೆಯ ಸುತ್ತ ಕಳೆದ ನೂರೈವತ್ತು ವರ್ಷಗಳಲ್ಲಿ ಬೆಳೆದು ನಿಂತಿರುವ ವಾದ ಪ್ರತಿವಾದಗಳ ರಾಶಿ ಸಾಮಾನ್ಯವಾದುದಲ್ಲ. ಆಫ್ರಿಕದ ಆನೆಬೇಟೆಗಾರರು, ಬ್ರಿಟನ್ನಿನ ಬಂದೂಕು ತಯಾರಕರು, ಅಮೆರಿಕದ ಪತ್ರಿಕಾ ಲೇಖಕರು, ನಮ್ಮ ದೇಶದ ಕಾಡುಗಳಲ್ಲಿ ಅಲೆದ ಷಿಕಾರಿಗಳು, ಎಲ್ಲರೂ ಈ ವಿಷಯದಲ್ಲಿ ತಂತಮ್ಮ ಅನುಭವವನ್ನೇ ಪ್ರಮಾಣವೆಂದು ಮುಂದಿಟ್ಟು ಇತರರ ಅನುಭವವನ್ನು ಅಪವಾದವೆಂದು ತಳ್ಳಿಹಾಕಿದ್ದಾರೆ. ಆದರೂ ಆ ರಾಶಿಯನ್ನು ತಾಳ್ಮೆಯಿಂದ ಓದಿದವನಿಗೆ, ಅದರ ಬಹುಭಾಗವು ತೋಟಾದ ಬಲ ಹೆಚ್ಚಿದಷ್ಟೂ ಮೃಗದ ಸಾವು ಖಚಿತವೆಂಬ ಒಂದೇ ನಂಬಿಕೆಯ ಮೇಲೆ ನಿಂತಿರುವುದು ಕಾಣದೆ ಇರದು. ಈ ನಂಬಿಕೆ ಪೂರ್ಣವಾಗಿ ಸುಳ್ಳಲ್ಲ. ಆದರೆ ಅದು ಪ್ರಶ್ನೆಯ ಬುಡವನ್ನು ಬಿಟ್ಟು ಕೊಂಬೆಯನ್ನು ಹಿಡಿಯುತ್ತದೆ. ಮೊದಲು ಆರಿಸತಕ್ಕದ್ದು ಗುಂಡನ್ನು, ಅನಂತರ ಅದನ್ನು ಹೊತ್ತೊಯ್ಯುವ ತೋಟಾವನ್ನು ಎಂದೂ, ಆ ಆಯ್ಕೆಯನ್ನು ಬೇಟೆಗಾರನು ತನ್ನ ಕೈ ತುಸು ತಪ್ಪಿದಾಗ ಏನಾದೀತೆಂಬುದನ್ನು ಲೆಕ್ಕಕ್ಕೆ ಹಿಡಿದೇ ಮಾಡತಕ್ಕದ್ದೆಂದೂ ನಾನು ವಾದಿಸಬಯಸುತ್ತೇನೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದಕ್ಕೆ ಅನಂತರ ಬಂದ ತಿದ್ದುಪಡಿಗಳಿಂದ ನಮ್ಮ ದೇಶದಲ್ಲಿ ಹುಲಿ, ಆನೆ, ಕಾಟಿ, ಕಡವೆಗಳ ಬೇಟೆ ಮುಗಿದುಹೋದ ಕಥೆ. ಅದು ಮುಗಿದದ್ದು ಒಳ್ಳೆಯದೇ ಆಯಿತೆಂಬುದರಲ್ಲಿ ನನಗೆ ಸಂದೇಹವಿಲ್ಲ. ಹಾಗಿರುವಾಗ ಕನ್ನಡದ ಓದುಗನಿಗೆ ಈ ಚರ್ಚೆಯಿಂದ ಏನು ಪ್ರಯೋಜನವೆಂದು ಯಾರಾದರೂ ಕೇಳುವುದು ಸಹಜ. ಜಗತ್ತಿನ ಇತರ ಅನೇಕ ದೇಶಗಳಲ್ಲಿ ಬೇಟೆ ಇಂದಿಗೂ ಕಾನೂನಿಗೆ ಒಳಪಟ್ಟ ವ್ಯವಹಾರವಾಗಿದೆ. ಅಲ್ಲಿಯ ಸರಕಾರಗಳು ಯಾವ ಮೃಗಕ್ಕೆ ಎಂತಹ ತೋಟಾ ಎಂಬುದನ್ನು ಶಾಸನದಲ್ಲಿಯೇ ನಿಗದಿ ಮಾಡಿವೆ. ನಮ್ಮಲ್ಲಿಯೂ ಮನುಷ್ಯರ ಪ್ರಾಣಕ್ಕೆ ಅಪಾಯಕಾರಿಯಾದ ಮೃಗವನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಅದೇ ಕಾಯಿದೆಯ 11ನೆಯ ಪ್ರಕರಣವು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಕೊಟ್ಟಿದೆ. ಆ ಅನುಮತಿ ಹೊರಬಿದ್ದ ದಿನ ಯಾವನೋ ಒಬ್ಬನು ತೋಟಾವೊಂದನ್ನು ಆರಿಸಲೇಬೇಕು. ಇದಲ್ಲದೆ ಕೆನೆತ್ ಆಂಡರ್ಸನ್‌ನ ಮತ್ತು ಜಿಮ್ ಕಾರ್ಬೆಟ್ಟನ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರ ಮೂಲಕ ಮನೆಮನೆಗೆ ಬರಮಾಡಿಕೊಂಡ ಓದುಗವರ್ಗ ನಮ್ಮದು. ಆ ಪುಟಗಳಲ್ಲಿ ಬದುಕು ಸಾವುಗಳ ನಿರ್ಣಯ ಮಾಡಿದ ಸಾಧನವು ಹೇಗೆ ಕೆಲಸ ಮಾಡುತ್ತದೆಂಬುದನ್ನು ಅರಿಯುವುದು ಆ ಓದಿಗೂ ಹಿತವಾದುದೇ.

ತೋಟಾ ಎಂಬುದು ನಾಲ್ಕು ವಸ್ತುಗಳ ಕೂಟ: ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಕಿಡಿ ಹುಟ್ಟಿಸುವ ಕೇಪು, ಒಳಗೆ ತುಂಬಿದ ಮದ್ದು, ಬಾಯಲ್ಲಿ ಕೂಡಿಸಿದ ಗುಂಡು. ಇವುಗಳಲ್ಲಿ ಮೊದಲ ಮೂರರ ಕೆಲಸ ಬಂದೂಕಿನೊಳಗೇ ಮುಗಿದುಹೋಗುತ್ತದೆ. ನಳಿಗೆಯನ್ನು ದಾಟಿ, ತೊಗಲನ್ನು ಭೇದಿಸಿ, ಪ್ರಾಣಿಯ ಒಡಲನ್ನು ಹೊಗುವುದು ಗುಂಡೊಂದೇ. ಹೀಗಿದ್ದರೂ ಕೊಳ್ಳುವವನು ಮೊದಲು ಕೇಳುವುದು ತೋಟಾದ ಹೆಸರನ್ನು, ಅದರ ವೇಗವನ್ನು, ಪೆಟ್ಟಿಗೆಯ ಮೇಲೆ ಅಚ್ಚಾದ ಶಕ್ತಿಯ ಅಂಕಿಯನ್ನು. ಗುಂಡಿನ ಒಳರಚನೆ ಹೇಗಿದೆ, ಅದರ ತಾಮ್ರದ ಕವಚ ಎಷ್ಟು ದಪ್ಪ, ಒಳಗಿನ ಸೀಸ ಎಷ್ಟು ಗಡಸು, ಮೂಳೆಗೆ ತಾಗಿದಾಗ ಅದು ಇಡಿಯಾಗಿ ಉಳಿಯುವುದೋ ಚೂರಾಗುವುದೋ ಎಂಬ ಪ್ರಶ್ನೆಗಳು ಕೊನೆಗೆ ಬರುತ್ತವೆ. ಎಷ್ಟೋ ವೇಳೆ ಬರುವುದೇ ಇಲ್ಲ.

ಗುಂಡು ಪ್ರಾಣಿಯನ್ನು ಹೇಗೆ ಕೊಲ್ಲುತ್ತದೆಂಬುದನ್ನು ನಿಷ್ಕರ್ಷಿಸಿಕೊಳ್ಳದೆ ಮುಂದೆ ಹೋಗುವುದು ಸಲ್ಲದು. ಬೇಟೆಗಾರರ ಮಾತಿನಲ್ಲಿ ‘ಮೃಗವನ್ನು ಕೆಡಹುವ ಬಲ’ ಎಂಬ ಭಾವನೆ ಬಲವಾಗಿ ಬೇರೂರಿದೆ. ಆದರೆ ಲೆಕ್ಕ ಹಾಕಿ ನೋಡಿದರೆ ಆ ಭಾವನೆ ನಿಲ್ಲುವುದಿಲ್ಲ. ಆನೆಯ ಬೇಟೆಗೆಂದೇ ರೂಪುಗೊಂಡ .470 ನೈಟ್ರೋ ಎಕ್ಸ್‌ಪ್ರೆಸ್ ತೋಟಾದ ಗುಂಡಿನ ತೂಕ 500 ಗ್ರೇನು, ಎಂದರೆ ಸುಮಾರು 32 ಗ್ರಾಂ. ಅದರ ವೇಗ ಸೆಕೆಂಡಿಗೆ 2,150 ಅಡಿ. ಐದು ಟನ್ ತೂಕದ ಆನೆಗೆ ಆ ಗುಂಡು ತನ್ನ ಸಮಸ್ತ ಸಂವೇಗವನ್ನು ಒಪ್ಪಿಸಿಬಿಟ್ಟರೂ ಆ ಮಹಾಕಾಯಕ್ಕೆ ಅದರಿಂದ ಒದಗುವ ಚಲನೆ ಸೆಕೆಂಡಿಗೆ ನಾಲ್ಕು ಮಿಲಿಮೀಟರಿನಷ್ಟು ಮಾತ್ರ. ಮೃಗವನ್ನು ನೂಕಿ ಕೆಡಹುವಷ್ಟು ಬಲ ಗುಂಡಿಗಿದ್ದ ಪಕ್ಷದಲ್ಲಿ, ಕ್ರಿಯೆಗೆ ಸಮನಾದ ಪ್ರತಿಕ್ರಿಯೆ ಇರಬೇಕೆಂಬ ನಿಯಮದಂತೆ, ಬಂದೂಕನ್ನು ಹೆಗಲಿಗೊತ್ತಿ ಹಿಡಿದವನು ಮೃಗಕ್ಕಿಂತ ಮೊದಲೇ ಉರುಳಬೇಕಾಗಿತ್ತು. ಗುಂಡು ತಾಗಿದ ಪ್ರಾಣಿ ನಿಂತಲ್ಲಿಯೇ ಕುಸಿಯುವುದು ಮೆದುಳೋ ಬೆನ್ನುಹುರಿಯೋ ಛಿನ್ನವಾದಾಗ. ಉಳಿದ ಸಂದರ್ಭಗಳಲ್ಲೆಲ್ಲ ಅದು ಸಾಯುವುದು ರಕ್ತಸ್ರಾವದಿಂದ. ಹೃದಯವೇ ಒಡೆದುಹೋದರೂ ಮೆದುಳಿನಲ್ಲಿ ಉಳಿದ ಪ್ರಾಣವಾಯುವಿನ ಆಸರೆಯಿಂದ ಹತ್ತು ಹದಿನೈದು ಸೆಕೆಂಡು ಅದಕ್ಕೆ ಎಚ್ಚರವಿರುವುದು ಸಾಧ್ಯ. ಆ ಹದಿನೈದು ಸೆಕೆಂಡಿನಲ್ಲಿ ಜಿಂಕೆಯೊಂದು ನೂರು ಗಜ ಓಡಬಲ್ಲುದು. ಕಾಟಿಯೋ ಆಫ್ರಿಕದ ಕಾಡೆಮ್ಮೆಯೋ ಆದರೆ ಅಷ್ಟೇ ಅವಧಿಯಲ್ಲಿ ಬೇಟೆಗಾರನ ಮೇಲೆ ಬಂದೆರಗಬಲ್ಲುದು.

ಅಮೆರಿಕದ ಸೈನ್ಯದಲ್ಲಿ ಶಸ್ತ್ರವೈದ್ಯನಾಗಿದ್ದ ಮಾರ್ಟಿನ್ ಫ್ಯಾಕ್ಲರನು 1980ರ ದಶಕದಲ್ಲಿ ಜೆಲಟಿನ್ ಗಟ್ಟಿಗಳಿಗೆ ಗುಂಡು ಹಾರಿಸಿ ನಡೆಸಿದ ಪರೀಕ್ಷೆಗಳು ಈ ವಿಚಾರವನ್ನು ಇನ್ನಷ್ಟು ತಿಳಿಯಾಗಿಸಿದುವು. ಗುಂಡು ಹಾದುಹೋದ ದಾರಿಯಲ್ಲಿ ಎರಡು ಬಗೆಯ ಕುಹರಗಳುಂಟಾಗುತ್ತವೆ: ಗುಂಡು ನೇರವಾಗಿ ಜಜ್ಜಿ ಉಳಿಸಿದ ಸ್ಥಿರ ಕುಹರವೊಂದು, ಅದರ ಸುತ್ತ ಕ್ಷಣಮಾತ್ರ ಹಿಗ್ಗಿ ಮರಳಿ ಕೂಡಿಕೊಳ್ಳುವ ತಾತ್ಕಾಲಿಕ ಕುಹರ ಇನ್ನೊಂದು. ಸ್ನಾಯುವೂ ಪುಪ್ಪುಸವೂ ಹಿಗ್ಗಿ ಕುಗ್ಗುವ ಗುಣವುಳ್ಳವಾದುದರಿಂದ ಎರಡನೆಯದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ. ಯಕೃತ್ತು, ಮೆದುಳುಗಳು ತಾಳಿಕೊಳ್ಳಲಾರವು. ಆದಕಾರಣ ಗುಂಡು ಎಷ್ಟು ಶಕ್ತಿಯನ್ನು ಸುರಿಯಿತೆಂಬುದಕ್ಕಿಂತ, ಎಲ್ಲಿಯವರೆಗೆ ತಲುಪಿ ಏನನ್ನು ಹರಿಯಿತೆಂಬುದೇ ಮುಖ್ಯವಾಗುತ್ತದೆ. ತೋಟಾದ ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿ ಇದನ್ನು ಹೇಳುವುದಿಲ್ಲ, ಹೇಳಲೂ ಆರದು.

ಹಿಂದಿನವರಿಗೆ ಇಂತಹ ಆಯ್ಕೆಯ ಸ್ವಾತಂತ್ರ್ಯವೇ ಇರಲಿಲ್ಲ. ಕರಿಮದ್ದಿನ ಕಾಲದಲ್ಲಿ ಗುಂಡಿನ ವೇಗವನ್ನು ಒಂದು ಮಿತಿಯಾಚೆಗೆ ಏರಿಸುವುದು ಅಸಾಧ್ಯವಾಗಿದ್ದುದರಿಂದ, ಬಲವನ್ನು ಹೆಚ್ಚಿಸಲು ತೂಕವನ್ನು ಹೆಚ್ಚಿಸುವುದೊಂದೇ ಮಾರ್ಗವಾಗಿತ್ತು. ಒಂದು ಪೌಂಡು ಸೀಸದಿಂದ ಎಂಟೇ ಗುಂಡು ಹೊರಡುವ ನಳಿಗೆ ‘ಎಂಟು ಬೋರು’. ನಾಲ್ಕೇ ಹೊರಡುವುದು ‘ನಾಲ್ಕು ಬೋರು’, ಅದರ ಒಂದೊಂದು ಗುಂಡೂ ಕಾಲು ಪೌಂಡು. ಮೈಸೂರು ಸೀಮೆಯಲ್ಲಿ ಖೆಡ್ಡಾ ನಡೆಸಿ ಹೆಸರಾದ, ತನ್ನ ಹದಿಮೂರು ವರ್ಷಗಳ ವನಾನುಭವವನ್ನು 1878ರಲ್ಲಿ ಗ್ರಂಥವಾಗಿಸಿದ ಸ್ಯಾಂಡರ್ಸನ್ನನು ಆನೆ ಕಾಟಿಗಳಿಗೆ ಇಂತಹ ಭಾರಿ ಬಂದೂಕುಗಳನ್ನೇ ನೆಚ್ಚಿದವನು. ಅದೇ ಕಾಲದ ಬೇಟೆಗಾರ ಸ್ಯಾಮ್ಯುಯಲ್ ಬೇಕರನ ಬಳಿಯಿದ್ದ, ಅರ್ಧ ಪೌಂಡಿನ ಸಿಡಿಗುಂಡನ್ನು ಎಸೆಯುತ್ತಿದ್ದ ಬಂದೂಕು ಹಾರಿಸಿದಾಗಲೆಲ್ಲ ಅವನನ್ನೇ ಗಿರ್ರನೆ ತಿರುಗಿಸಿಬಿಡುತ್ತಿತ್ತು. ಶುದ್ಧ ಸೀಸವು ಆನೆಯ ತಲೆಬುರುಡೆಗೆ ತಾಗಿ ಚಪ್ಪಟೆಯಾಗುತ್ತದೆಂದು ಕಂಡುಕೊಂಡ ಆ ಕಾಲದ ಬೇಟೆಗಾರರು ಅದಕ್ಕೆ ತವರವನ್ನೋ ಪಾದರಸವನ್ನೋ ಬೆರೆಸಿ ಗಡಸುಮಾಡುತ್ತಿದ್ದರು. ಅವರು ಬಲದ ಮಾತನ್ನೇ ಆಡುತ್ತಿದ್ದರೂ ಅವರ ಕೈಗಳು ಆಗಲೇ ಗುಂಡಿನ ಗುಣವನ್ನು ತಿದ್ದುತ್ತಿದ್ದುವು.

1882ರಲ್ಲಿ ಸ್ವಿಟ್ಜರ್ಲೆಂಡಿನ ಎಡುವರ್ಡ್ ರೂಬಿನನು ಸೀಸದ ಗುಂಡಿಗೆ ತಾಮ್ರದ ಕವಚ ತೊಡಿಸಿದನು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ಲ್ ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದನು. ಈ ಎರಡರ ಸಂಯೋಗದಿಂದ ಹುಟ್ಟಿದ ವೇಗವು ಹಳೆಯ ಲೆಕ್ಕಗಳನ್ನೆಲ್ಲ ತಲೆಕೆಳಗು ಮಾಡಿತು. 1898ರಲ್ಲಿ ಜಾನ್ ರಿಗ್ಬಿಯ ಸಂಸ್ಥೆಯು ಹೊರತಂದ .450 ನೈಟ್ರೋ ಎಕ್ಸ್‌ಪ್ರೆಸ್, 480 ಗ್ರೇನಿನ ಗುಂಡಿನಿಂದ, ಎಂಟು ಬೋರಿನ ಹೊರಲಾರದ ಭಾರವಿಲ್ಲದೆಯೇ ಅದಕ್ಕಿಂತ ಆಳಕ್ಕೆ ಇಳಿಯುವ ಸಾಮರ್ಥ್ಯವನ್ನು ಕೊಟ್ಟಿತು. ಇಲ್ಲಿ ನಮ್ಮ ದೇಶದ ರಾಜಕೀಯವೂ ತೋಟಾದ ಚರಿತ್ರೆಯೊಳಗೆ ಕೈಯಿಟ್ಟ ಒಂದು ಪ್ರಸಂಗವನ್ನು ಹೇಳದೆ ಮುಂದುವರಿಯಲಾರೆ. ಬ್ರಿಟಿಷ್ ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕುಗಳ ನಳಿಗೆಯೂ .450 ಅಳತೆಯದೇ. ಅಂತಹ ಬಂದೂಕುಗಳು ಜನರ ಕೈ ಸೇರಿವೆ, ಬೇಟೆಯ ಗುಂಡುಗಳು ದಂಗೆಗೆ ಒದಗಿಬಿಡಬಹುದು ಎಂದು ಅಂಜಿದ ಸರಕಾರವು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ .450 ಅಳತೆಯ ತೋಟಾಗಳು ಭಾರತಕ್ಕೆ ಬಾರದಂತೆ ನಿಷೇಧಿಸಿತು. ಲಂಡನ್ನಿನ, ಬರ್ಮಿಂಗ್‌ಹ್ಯಾಮಿನ ತಯಾರಕರು ಆ ನಿಷೇಧವನ್ನು ಬಳಸಿ ಹೋಗಲೆಂದು .465, .470, .475, .476 ಎಂದು ಕೂದಲೆಳೆಯ ಅಂತರದ ಹೊಸ ಹೊಸ ಅಳತೆಗಳನ್ನು ಹೊರಡಿಸಿದರು. ಬೇಟೆಯ ದೃಷ್ಟಿಯಿಂದ ಇವುಗಳೊಳಗೆ ಗಣಿಸತಕ್ಕ ಭೇದವೇನೂ ಇಲ್ಲ. ಆದರೂ ಒಂದೊಂದರ ಪರವಾಗಿಯೂ ವಕಾಲತ್ತು ವಹಿಸಿದವರು ಹುಟ್ಟಿಕೊಂಡರು. ಸರಕಾರಿ ಆಜ್ಞೆಯೊಂದರಿಂದ ಹುಟ್ಟಿದ ಭೇದವನ್ನು ಅನುಭವಸಿದ್ಧ ತತ್ತ್ವವೆಂದು ಎಣಿಸುವುದು ಎಷ್ಟು ಸುಲಭವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಕವಚವುಳ್ಳ ಗುಂಡು ಬಂದಮೇಲೆ ಅದನ್ನು ಎಷ್ಟರಮಟ್ಟಿಗೆ ಮುಚ್ಚಬೇಕೆಂಬ ಪ್ರಶ್ನೆ ಎದ್ದಿತು. ಪೂರ್ಣವಾಗಿ ಮುಚ್ಚಿದರೆ ಅದು ಬೇಟೆಗಾರರು ‘ಸಾಲಿಡ್’ ಎನ್ನುವ ಗಟ್ಟಿಗುಂಡು. ಆಕಾರ ಕೆಡದೆ ಆಳವಾಗಿ ನಾಟುತ್ತದೆ, ಆದರೆ ಕಿರಿದಾದ ದಾರಿಯನ್ನಷ್ಟೇ ಮಾಡುತ್ತದೆ. ಮೂತಿಯಲ್ಲಿ ಸೀಸವನ್ನು ತೆರೆದಿಟ್ಟರೆ ಅದು ಮೆದುಗುಂಡು. ಮಾಂಸಕ್ಕೆ ತಾಗುತ್ತಲೇ ಅಣಬೆಯಂತೆ ಅರಳಿ ಅಗಲವಾದ ಗಾಯಮಾಡುತ್ತದೆ, ಆದರೆ ಆಳವನ್ನು ಕಳೆದುಕೊಳ್ಳುತ್ತದೆ. ಕಲ್ಕತ್ತೆಯ ಹತ್ತಿರದ ಡಮ್‌ಡಮ್ ಶಸ್ತ್ರಾಗಾರದಲ್ಲಿ 1890ರ ದಶಕದಲ್ಲಿ ಸೈನ್ಯಕ್ಕೆಂದು ತಯಾರಾದ ಮೆದುಮೂತಿಯ ಗುಂಡು ಆ ಊರಿನ ಹೆಸರನ್ನೇ ಲೋಕಕ್ಕೆಲ್ಲ ಕುಖ್ಯಾತಗೊಳಿಸಿತು. 1899ರ ಹೇಗ್ ಘೋಷಣೆಯು ಅರಳುವ ಗುಂಡನ್ನು ಯುದ್ಧದಲ್ಲಿ ಬಳಸಕೂಡದೆಂದು ನಿರ್ಬಂಧಿಸಿತು. ಅದೇ ಗುಂಡನ್ನು ಬೇಟೆಯ ಶಾಸನಗಳು ಕಡ್ಡಾಯಮಾಡಿವೆ. ಇಂಗ್ಲೆಂಡು ಮತ್ತು ವೇಲ್ಸ್‌ಗಳಿಗೆ ಅನ್ವಯಿಸುವ 1991ರ ಜಿಂಕೆ ಕಾಯಿದೆಯ ಪ್ರಕಾರ ಮೆದುಮೂತಿಯ ಇಲ್ಲವೆ ಪೊಳ್ಳುಮೂತಿಯ ಗುಂಡಿನ ಹೊರತು ಬೇರೆ ಗುಂಡಿನಿಂದ ಜಿಂಕೆಯನ್ನು ಹೊಡೆಯುವುದು ಅಪರಾಧ. ಎರಡು ಶಾಸನಗಳೂ ಕರುಣೆಯ ಹೆಸರಿನಲ್ಲಿಯೇ ಬಂದುವು, ಎರಡೂ ಸರಿಯಾಗಿವೆ. ಸೈನಿಕನನ್ನು ಯುದ್ಧದಿಂದ ನಿವೃತ್ತಗೊಳಿಸಿದರೆ ಸಾಕು, ಅವನು ಬದುಕಿಕೊಂಡರೆ ಒಳಿತು. ಜಿಂಕೆಗಾದರೋ ಬದುಕಿ ಉಳಿದ ಗಾಯವೇ ಘೋರವಾದ ಹಿಂಸೆ, ಶೀಘ್ರಮರಣವೊಂದೇ ಅದಕ್ಕೆ ನಾವು ತೋರಬಹುದಾದ ದಯೆ.

ಅದರಿಂದ ಯಾವ ಗುಂಡು ಎಂಬುದನ್ನು ಮೃಗದ ಶರೀರವೇ ನಿರ್ಣಯಿಸಬೇಕು. ಹುಲಿ ಚಿರತೆಗಳ ತೊಗಲು ತೆಳು, ಮೂಳೆ ಹಗುರ. ಅವುಗಳಿಗೆ ಮೆದುಗುಂಡೇ ತಕ್ಕದ್ದು. ಗಟ್ಟಿಗುಂಡು ಹುಲಿಯ ಮೈಯನ್ನು ತೂರಿಕೊಂಡು ಆಚೆಗೆ ಹೋಗಿ, ಸಣ್ಣದೊಂದು ರಂಧ್ರವನ್ನು ಹೊತ್ತ ಮೃಗವು ಪೊದೆಯನ್ನು ಸೇರುವಂತೆ ಮಾಡಬಹುದು. ಆನೆಯ ವಿಷಯ ಇದಕ್ಕೆ ನೇರವಾಗಿ ವಿರುದ್ಧ: ಅದರ ಮೆದುಳು ತಲೆಯ ಹಿಂಭಾಗದಲ್ಲಿ, ಎರಡು ಕಿವಿರಂಧ್ರಗಳ ನಡುವೆ, ಜೇನುಗೂಡಿನಂತೆ ಪೊಳ್ಳುಪೊಳ್ಳಾದ ದಪ್ಪ ಮೂಳೆಯ ಹಿಂದೆ ಅಡಗಿದೆ. ಅಲ್ಲಿಗೆ ತಲುಪಲು ಗಟ್ಟಿಗುಂಡಿಗೆ ಮಾತ್ರ ಸಾಧ್ಯ. ಕಾಟಿ, ಆಫ್ರಿಕದ ಕಾಡೆಮ್ಮೆ ಇವೆರಡರ ಮಧ್ಯದಲ್ಲಿ ನಿಲ್ಲುತ್ತವೆ. ಅನುಭವಿಗಳು ಮೊದಲ ಈಡಿಗೆ ದಪ್ಪ ಕವಚದ ಮೆದುಗುಂಡನ್ನೂ, ಓಡುವ ಇಲ್ಲವೆ ಎರಗುವ ಮೃಗಕ್ಕೆ ಗಟ್ಟಿಗುಂಡನ್ನೂ ಇಟ್ಟುಕೊಳ್ಳುವುದುಂಟು.

ಈ ವಿಚಾರಕ್ಕೆ ಅತ್ಯಂತ ಪ್ರಸಿದ್ಧವಾದ ಸಾಕ್ಷಿ ಸ್ಕಾಟ್ಲೆಂಡಿನ ವಾಲ್ಟರ್ ಬೆಲ್. ಉಗಾಂಡದ ಈಶಾನ್ಯದ ಕರಮೋಜ ಪ್ರಾಂತ್ಯದಲ್ಲಿ ದಂತಕ್ಕಾಗಿ ಅಲೆದುದರಿಂದ ‘ಕರಮೋಜೋ ಬೆಲ್’ ಎಂದೇ ಹೆಸರಾದ ಈತನು ತನ್ನ ಜೀವಮಾನದಲ್ಲಿ ಸಾವಿರಕ್ಕೂ ಮಿಕ್ಕಿ ಆನೆಗಳನ್ನು ಕೊಂದನು. ಆ ಸಂಖ್ಯೆಯನ್ನು ಬರೆಯುವಾಗ ಇಂದಿನ ಯಾರ ಮನಸ್ಸೂ ಕುಗ್ಗದೆ ಇರಲಾರದು. ಆದರೆ ವಿಚಾರಕ್ಕೆ ಬೇಕಾದ ಸಂಗತಿ ಬೇರೆ: ಅವುಗಳಲ್ಲಿ ಬಹುಪಾಲನ್ನು ಅವನು ಕೊಂದುದು ಬ್ರಿಟಿಷರು .275 ರಿಗ್ಬಿ ಎನ್ನುವ 7 ಮಿಲಿಮೀಟರಿನ ಮೌಸರ್ ತೋಟಾದಿಂದ. ಜಿಂಕೆಗೆ ಸಾಕು ಎಂದು ಇಂದು ಗಣಿಸುವ ತೋಟಾ ಅದು. ಅದರ ಗುಂಡಿನ ತೂಕ 173 ಗ್ರೇನು, ವೇಗ ಸೆಕೆಂಡಿಗೆ 2,300 ಅಡಿಗಳ ಆಸುಪಾಸು, ಶಕ್ತಿ ಸುಮಾರು 2,000 ಅಡಿ-ಪೌಂಡು; .470ರ ಶಕ್ತಿಯಾದರೋ 5,100ಕ್ಕೂ ಹೆಚ್ಚು. ಶಕ್ತಿಯ ಲೆಕ್ಕವೇ ಸತ್ಯವಾಗಿದ್ದರೆ ಬೆಲ್ಲನು ತನ್ನ ಮೊದಲ ಆನೆಗೇ ಬಲಿಯಾಗಬೇಕಾಗಿತ್ತು.

ಹಾಗೇಕೆ ಆಗಲಿಲ್ಲವೆಂಬುದಕ್ಕೆ ಉತ್ತರ ಗುಂಡಿನ ಆಕಾರದಲ್ಲಿದೆ. ಗುಂಡಿನ ತೂಕವನ್ನು ಅದರ ವ್ಯಾಸದ ವರ್ಗದಿಂದ ಭಾಗಿಸಿದರೆ ಬರುವ ಅಂಕಿ, ಅದರ ಒಂದೊಂದು ಚದರ ಅಂಗುಲದ ಹಿಂದೆ ಎಷ್ಟು ಭಾರವಿದೆಯೆಂಬುದನ್ನು ಸೂಚಿಸುತ್ತದೆ. ಗೋಣಿಚೀಲಕ್ಕೆ ದಬ್ಬಳ ಸಲೀಸಾಗಿ ಇಳಿಯುವುದು ಈ ಗುಣದಿಂದಲೇ. ಪೌಂಡು ಅಂಗುಲಗಳ ಲೆಕ್ಕದಲ್ಲಿ ಬೆಲ್ಲನ ಗುಂಡಿಗೆ ಈ ಅಂಕಿ 0.306; .375 ಹಾಲೆಂಡ್ ಅಂಡ್ ಹಾಲೆಂಡ್ ತೋಟಾದ 300 ಗ್ರೇನಿನ ಗುಂಡಿಗೆ 0.305; .470ರ ಮಹಾಗುಂಡಿಗೆ 0.317. ಎಂದರೆ ತೂಕದಲ್ಲಿ ಮೂರರಲ್ಲೊಂದು ಪಾಲಾಗಿದ್ದ ಆ ಸಣ್ಣ ಗುಂಡು, ನಾಟುವ ಸಾಮರ್ಥ್ಯದಲ್ಲಿ ದೊಡ್ಡಣ್ಣಂದಿರಿಗೆ ಹೆಚ್ಚುಕಡಿಮೆ ಸಮನಾಗಿತ್ತು. ಅದರ ಜೊತೆಗೆ ಬೆಲ್ಲನು ಆನೆಯ ತಲೆಬುರುಡೆಯನ್ನು ಗರಗಸದಿಂದ ಸೀಳಿ, ಮೆದುಳು ಎಲ್ಲಿದೆ, ಯಾವ ಕೋನದಿಂದ ಅಲ್ಲಿಗೆ ದಾರಿಯಿದೆ ಎಂದು ಅಭ್ಯಾಸಮಾಡಿದವನು. ಒದೆತ ಕಡಿಮೆಯಾದ ಬಂದೂಕನ್ನು ಹಿಡಿದು ಅವನ ಕೈ ನಿಷ್ಕಂಪವಾಗಿತ್ತು.

ಇದಕ್ಕೆ ಪ್ರತಿವಾದಿಯಾಗಿ ನಿಲ್ಲುವವನು ‘ಪೊಂಡೊರೊ’ ಎಂದು ಪ್ರಸಿದ್ಧನಾದ ಜಾನ್ ಟೇಲರ್. 1948ರಲ್ಲಿ ಪ್ರಕಟವಾದ ಆಫ್ರಿಕದ ರೈಫಲು ತೋಟಾಗಳ ಕುರಿತ ತನ್ನ ಗ್ರಂಥದಲ್ಲಿ ಅವನು ಗುಂಡಿನ ತೂಕ, ವೇಗ, ವ್ಯಾಸಗಳನ್ನು ಗುಣಿಸಿ ಏಳು ಸಾವಿರದಿಂದ ಭಾಗಿಸುವ ಒಂದು ಸೂತ್ರವನ್ನು ಕೊಟ್ಟನು. ಆ ಸೂತ್ರದಂತೆ .470ರ ಬೆಲೆ 73. ಬೆಲ್ಲನ ತೋಟಾದ್ದು 16. ಬೆಲ್ಲನ ಅಭಿಮಾನಿಗಳು ಇದನ್ನು ಹೀಗಳೆಯುವುದುಂಟು. ಆದರೆ ಟೇಲರನಿಗೆ ಅನ್ಯಾಯವಾಗಬಾರದು. ಮೆದುಳಿಗೆ ತಾಗಿದ ಗುಂಡು ಯಾವುದಾದರೂ ಆನೆ ಕುಸಿಯುತ್ತದೆಂಬುದನ್ನು ಅವನು ಚೆನ್ನಾಗಿ ಬಲ್ಲವನಾಗಿದ್ದನು. ಅವನ ಪ್ರಶ್ನೆಯೇ ಬೇರೆ. ಗುಂಡು ಮೆದುಳನ್ನು ಎರಡು ಮೂರು ಅಂಗುಲಗಳಷ್ಟು ತಪ್ಪಿ ಹಾಯ್ದಾಗ, ಆನೆಯನ್ನು ಕೊಂಚ ಹೊತ್ತು ಮಂಕುಗವಿಸಿ ಎರಡನೆಯ ಈಡಿಗೆ ಅವಕಾಶ ಕೊಡುವ ತೋಟಾ ಯಾವುದೆಂಬುದನ್ನು ಅವನು ಅಳೆಯಹೊರಟಿದ್ದನು. ಬೆಲ್ಲನು ಕೈ ತಪ್ಪದವನ ಲೆಕ್ಕವನ್ನು ಬರೆದನು, ಟೇಲರನು ಕೈ ತಪ್ಪಬಹುದಾದವನ ಲೆಕ್ಕವನ್ನು ಬರೆದನು. ಬೆಲ್ಲನ ಹಾದಿಯನ್ನು ಹಿಡಿದು ಆನೆಯ ಕಾಲಡಿಯಲ್ಲಿ ಮುಗಿದವರು ಪುಸ್ತಕ ಬರೆಯಲು ಉಳಿಯಲಿಲ್ಲವೆಂಬುದನ್ನೂ ಮರೆಯಬಾರದು. ಆಫ್ರಿಕದ ಹಲವು ದೇಶಗಳು ಅಪಾಯಕಾರಿ ಮೃಗಗಳಿಗೆ ಸುಮಾರು .375ಕ್ಕಿಂತ ಕಡಿಮೆಯ ತೋಟಾ ಸಲ್ಲದೆಂದು ವಿಧಿಸಿರುವುದು ಸಾಮಾನ್ಯ ಬೇಟೆಗಾರನನ್ನು ಎದುರಿಗಿಟ್ಟುಕೊಂಡೇ. ನನ್ನ ವಿವೇಕಕ್ಕೆ ಅದು ಯುಕ್ತವಾಗಿಯೇ ಕಾಣುತ್ತದೆ.

1912ರಲ್ಲಿ ಹುಟ್ಟಿದ ಆ .375 ತೋಟಾವನ್ನು ನಮ್ಮ ಬೆಂಗಳೂರಿನ ಆಂಡರ್ಸನ್ನನ ಕೈಯಲ್ಲಿದ್ದ .405 ವಿಂಚೆಸ್ಟರಿನೊಂದಿಗೆ ಹೋಲಿಸಿ ನೋಡಿದರೆ ಗುಂಡಿನ ಮಹತ್ತ್ವ ಇನ್ನೂ ಸ್ಪಷ್ಟವಾಗುತ್ತದೆ. ಎರಡರ ಗುಂಡಿಗೂ 300 ಗ್ರೇನೇ ತೂಕ. ಆದರೆ .405ರ ಗುಂಡು ಹೆಚ್ಚು ದಪ್ಪ, ಅದಕ್ಕನುಗುಣವಾಗಿ ಗಿಡ್ಡ. ಹಿಂದೆ ಹೇಳಿದ ಅಂಕಿ ಅದಕ್ಕೆ 0.25 ಮಾತ್ರ, ವೇಗವೂ 2,200 ಅಡಿಗಳಷ್ಟೇ. ಹುಲಿ, ಚಿರತೆ, ಸಿಂಹಗಳಿಗೆ ಅದು ಅತ್ಯುತ್ತಮವಾದ ತೋಟಾ. 1909ರಲ್ಲಿ ಆಫ್ರಿಕಕ್ಕೆ ಹೋದ ಥಿಯೊಡೋರ್ ರೂಸ್‌ವೆಲ್ಟನು ಸಿಂಹಗಳಿಗೆ ಇದನ್ನೇ ಮೆಚ್ಚಿಕೊಂಡನು. ಆದರೆ ಆನೆಯ ತಲೆಯನ್ನೋ ಕಾಟಿಯ ಭುಜವನ್ನೋ ಭೇದಿಸಬೇಕಾದಾಗ, ಅಷ್ಟೇ ತೂಕದ ನೀಳವಾದ .375ರ ಗುಂಡು ಹೋಗುವ ಆಳಕ್ಕೆ ಅದು ಹೋಗಲಾರದು. ಮೈಸೂರು, ಸೇಲಂ ಜಿಲ್ಲೆಗಳ ಕಾಡುಗಳಲ್ಲಿ ನರಭಕ್ಷಕಗಳ ಬೆನ್ನುಹತ್ತಿದವನಿಗೆ ಆ ಬಂದೂಕು ಒಪ್ಪಿತು ಎಂಬುದರಿಂದ, ಎಲ್ಲ ಮೃಗಗಳಿಗೂ ಅದೇ ಒಪ್ಪುತ್ತದೆಂದು ತೀರ್ಮಾನಿಸುವಂತಿಲ್ಲ.

ಅಮೆರಿಕದಲ್ಲಿ ಇದೇ ವಿವಾದ ಬೇರೊಂದು ವೇಷದಲ್ಲಿ ನಡೆಯಿತು. ಜ್ಯಾಕ್ ಓ’ಕಾನರನು 1925ರಲ್ಲಿ ಬಂದ .270 ವಿಂಚೆಸ್ಟರಿನ ಹಗುರವಾದ ಶೀಘ್ರಗಾಮಿ ಗುಂಡಿನ ಪರವಾಗಿಯೂ, ಎಲ್ಮರ್ ಕೀತನು ಮಂದಗಾಮಿಯಾದ ಭಾರಗುಂಡಿನ ಪರವಾಗಿಯೂ ದಶಕಗಳ ಕಾಲ ಬರೆದರು. ಈ ಜಗಳವನ್ನು ತೀರಿಸುವ ದಾರಿಯನ್ನು ತೋರಿದವನು ಇವರಿಬ್ಬರೂ ಅಲ್ಲ, ಆರೆಗಾನಿನ ಜಾನ್ ನಾಸ್ಲರ್. 1946ರಲ್ಲಿ ಬ್ರಿಟಿಷ್ ಕೊಲಂಬಿಯದ ಕಾಡಿನಲ್ಲಿ, ಮೈಗೆಲ್ಲ ಕೆಸರು ಮೆತ್ತಿಕೊಂಡು ಒಣಗಿಸಿಕೊಂಡಿದ್ದ ಮೂಸ್ ಎಂಬ ಮಹಾಹರಿಣಕ್ಕೆ ಅವನು ಹೊಡೆದ ವೇಗದ ಗುಂಡುಗಳು ತೊಗಲಿನ ಬಳಿಯಲ್ಲೇ ಒಡೆದು, ಒಳಗಿನ ಮರ್ಮಕ್ಕೆ ಮುಟ್ಟದೆ ಹೋದುವು. ವೇಗ ಹೆಚ್ಚಾದುದೇ ಅಲ್ಲಿ ದೋಷವಾಯಿತು. ಮರಳಿಬಂದ ನಾಸ್ಲರನು ಗುಂಡಿನ ನಡುವೆ ತಾಮ್ರದ ಅಡ್ಡಗೋಡೆಯೊಂದನ್ನಿಟ್ಟು, ಮುಂದಿನ ಅರ್ಧವು ಅರಳುವಂತೆಯೂ ಹಿಂದಿನ ಅರ್ಧವು ಗಟ್ಟಿಯಾಗಿ ಉಳಿದು ಆಳಕ್ಕೆ ನುಗ್ಗುವಂತೆಯೂ ಮಾಡಿದನು. ತೋಟಾ ಅದೇ, ಮದ್ದು ಅದೇ, ಬಂದೂಕೂ ಅದೇ; ಬದಲಾದುದು ಗುಂಡು. ಅಷ್ಟರಿಂದಲೇ ಹಿಂದೆ ಸಾಲದೆನಿಸಿದ ಎಷ್ಟೋ ತೋಟಾಗಳು ಸಾಕೆನಿಸಿದುವು.

ಹಾಗಾದರೆ ತೋಟಾದ ಗಾತ್ರಕ್ಕೆ ಬೆಲೆಯೇ ಇಲ್ಲವೇ? ಇದೆ, ಆದರೆ ಅದಕ್ಕೆ ತೆರುವ ದಂಡವೂ ಇದೆ. .470ರ ಒದೆತವು ಸೈನ್ಯದಲ್ಲಿ ಬಳಕೆಯಾದ .30-06ರ ಒದೆತಕ್ಕಿಂತ ಮೂರು ಪಟ್ಟಿಗೂ ಮಿಗಿಲು. ಆ ಹೊಡೆತವನ್ನು ಹೆಗಲು ತಾಳಿಕೊಂಡರೂ ಮನಸ್ಸು ತಾಳಿಕೊಳ್ಳದು: ಟ್ರಿಗರಿನ ಮೇಲೆ ಬೆರಳಿಟ್ಟವನು ತನಗೆ ಅರಿವಿಲ್ಲದೆಯೇ ಕಣ್ಣು ಮುಚ್ಚಿ, ಮೈ ಬಿಗಿದು, ನಳಿಗೆಯನ್ನು ಕೆಳಕ್ಕೆ ಜಗ್ಗಿಬಿಡುತ್ತಾನೆ. ಭುಜದ ಹಿಂದಕ್ಕೆ ತಾಗಬೇಕಾದ ಗುಂಡು ಹೊಟ್ಟೆಗೆ ತಾಗುತ್ತದೆ. ಭಾರಿ ತೋಟಾದಿಂದ ಹೊಟ್ಟೆಗೆ ಪೆಟ್ಟು ತಿಂದ ಮೃಗಕ್ಕಿಂತ ಸಾಧಾರಣ ತೋಟಾದಿಂದ ಪುಪ್ಪುಸಕ್ಕೆ ಪೆಟ್ಟು ತಿಂದ ಮೃಗವು ಬೇಗ ಸಾಯುತ್ತದೆ, ಕಡಿಮೆ ನರಳುತ್ತದೆ. ಆದಕಾರಣ ತಾನು ಅಳುಕಿಲ್ಲದೆ ಹಾರಿಸಬಲ್ಲ ತೋಟಾಗಳಲ್ಲಿ ಅತ್ಯಂತ ಬಲವಾದುದು ಯಾವುದೋ ಅದೇ ಬೇಟೆಗಾರನ ಮಿತಿ. ಆ ಮಿತಿಯನ್ನು ಮೀರಿಸುವುದು ಧೈರ್ಯವಲ್ಲ, ಪ್ರಾಣಿಯ ಕುರಿತ ಅನಾದರ. ಆ ಮಿತಿಯೊಳಗೆ ಮೃಗಕ್ಕೆ ತಕ್ಕ ಗುಂಡು ದೊರೆಯದಿದ್ದರೆ ಆ ಬೇಟೆಗೆ ಹೋಗದಿರುವುದು ಲೇಸು.

ಮುದ್ರಿತ ಅಂಕಿಗಳನ್ನು ನಂಬುವವರು ಹವಾಮಾನವನ್ನೂ ಕಾಲವನ್ನೂ ಲೆಕ್ಕಕ್ಕೆ ತಂದುಕೊಳ್ಳುವುದಿಲ್ಲ. ಕಾರ್ಡೈಟ್ ಎಂಬ ಹಳೆಯ ಮದ್ದು ಉಷ್ಣದೇಶಗಳ ಬಿಸಿಲಿಗೆ ಕಾದು ಹೆಚ್ಚಿನ ಒತ್ತಡವನ್ನುಂಟುಮಾಡುತ್ತಿತ್ತು. ಉಬ್ಬಿದ ಕೊಳವೆ ನಳಿಗೆಯ ಬುಡದಲ್ಲಿ ಕಚ್ಚಿಕೊಂಡು ಹೊರಬಾರದೆ, ಎರಡನೆಯ ಈಡಿನ ಗಳಿಗೆಯಲ್ಲಿ ಬಂದೂಕು ಬರಿಯ ದೊಣ್ಣೆಯಾಗುವ ಭಯವಿತ್ತು. 1911ರ .416 ರಿಗ್ಬಿಯ ಕೊಳವೆ ಅಷ್ಟು ವಿಶಾಲವಾಗಿ ರೂಪುಗೊಂಡಿರುವುದರಲ್ಲಿ ಒತ್ತಡವನ್ನು ಕೆಳಮಟ್ಟದಲ್ಲಿಡುವ ಈ ಎಚ್ಚರಿಕೆ ಕಾಣುತ್ತದೆ. ಇದಕ್ಕೆ ವಿರುದ್ಧವಾಗಿ 1956ರಲ್ಲಿ ಬಂದ .458 ವಿಂಚೆಸ್ಟರ್ ಮ್ಯಾಗ್ನಮ್ಮಿನ ಗಿಡ್ಡ ಕೊಳವೆಯಲ್ಲಿ ಮದ್ದನ್ನು ಒತ್ತಿ ಒತ್ತಿ ತುಂಬಬೇಕಾಗಿತ್ತು. ಹಾಗೆ ತುಂಬಿದ ಮದ್ದು ದಿನ ಕಳೆದಂತೆ ಹೆಪ್ಪುಗಟ್ಟಿ, ಕೆಲವು ತೋಟಾಗಳಲ್ಲಿ ಪೆಟ್ಟಿಗೆಯ ಮೇಲಿನ ವೇಗಕ್ಕಿಂತ ಎಷ್ಟೋ ಕಡಿಮೆ ವೇಗವನ್ನು ಕೊಟ್ಟಿತೆಂದು ಆಫ್ರಿಕದ ಬೇಟೆಗಾರರು ದೂರಿದರು. ಈಚಿನ ಮದ್ದುಗಳಿಂದ ಆ ದೋಷ ತೀರಿದೆ.

ಇದೆಲ್ಲವೂ ಬೇಟೆಗಾರನಿಗೂ ಮೃಗಕ್ಕೂ ಸಂಬಂಧಿಸಿದ ಮಾತಾಯಿತು. ತಪ್ಪಿದ ಈಡಿನ ಫಲವನ್ನು ಉಣ್ಣುವವರು ಅವರಿಬ್ಬರೇ ಅಲ್ಲ. 1907ರಲ್ಲಿ ಕಾರ್ಬೆಟ್ಟನು ಕೊಂದ ಚಂಪಾವತದ ಹೆಣ್ಣುಹುಲಿಯು ನೇಪಾಳ ಕುಮಾಊಂಗಳಲ್ಲಿ 436 ಮಂದಿಯ ಪ್ರಾಣವನ್ನು ತೆಗೆದಿತ್ತೆಂದು ಅವನು ಬರೆದಿದ್ದಾನೆ. ಸತ್ತ ಹುಲಿಯ ಬಾಯನ್ನು ತೆರೆದು ನೋಡಿದಾಗ ಬಲಗಡೆಯ ಮೇಲಿನ ಕೋರೆಹಲ್ಲು ಅರ್ಧಕ್ಕೆ ಮುರಿದಿತ್ತು, ಕೆಳಗಿನದು ದವಡೆಯ ಮೂಳೆಯವರೆಗೂ ಹೋಗಿತ್ತು. ಅದು ಹಿಂದೆಂದೋ ತಾಗಿದ ಗುಂಡೇಟಿನ ಫಲ. ಆ ಹಲ್ಲುಗಳನ್ನು ಕಳೆದುಕೊಂಡ ಹುಲಿ ತನ್ನ ಸಹಜವಾದ ಬೇಟೆಯನ್ನು ಹಿಡಿಯಲಾರದೆ ಮನುಷ್ಯರ ಕಡೆಗೆ ತಿರುಗಿತೆಂಬುದು ಕಾರ್ಬೆಟ್ಟನ ನಿರ್ಣಯ. ಆ ಈಡನ್ನು ಹಾರಿಸಿದವನು ಯಾರೆಂಬುದು ಇತಿಹಾಸಕ್ಕೆ ತಿಳಿಯದು. ಅವನು ಹುಲಿಯೊಂದು ತಪ್ಪಿಸಿಕೊಂಡಿತೆಂದು ಕೈಚೆಲ್ಲಿ ಮನೆಗೆ ಹೋಗಿರಬೇಕು. ಹುಲ್ಲು ಕೊಯ್ಯಲು, ಸೌದೆ ತರಲು ಕಾಡಿಗೆ ಹೋದ ಹೆಂಗಸರು ಆ ಕೈಚೆಲ್ಲುವಿಕೆಗೆ ತಮ್ಮ ಪ್ರಾಣವನ್ನು ತೆತ್ತರು. ನರಭಕ್ಷಕಗಳು ಹುಟ್ಟುವ ಕಾರಣಗಳಲ್ಲಿ, ಅಜಾಗ್ರತೆಯಿಂದ ಹಾರಿಸಿದ ಗುಂಡಿನ ಗಾಯವನ್ನೂ ಗಾಯಗೊಂಡ ಮೃಗವನ್ನು ಹಿಂಬಾಲಿಸಿ ಮುಗಿಸದಿರುವುದನ್ನೂ ಕಾರ್ಬೆಟ್ಟನು ಮೊದಲಲ್ಲಿಯೇ ಎಣಿಸಿದ್ದಾನೆ.

ನಮ್ಮ ನಾಡಿನಲ್ಲಿ ಬೇಟೆ ನಿಂತಿದ್ದರೂ ಗಾಯಗೊಂಡ ಮೃಗಗಳು ನಿಂತಿಲ್ಲ. ಕೊಡಗು, ಹಾಸನ, ಚಿಕ್ಕಮಗಳೂರುಗಳ ತೋಟ ಗದ್ದೆಗಳಲ್ಲಿ ಬೆಳೆ ಕಾಯುವವನ ಸಂಕಟ ಸಣ್ಣದಲ್ಲ. ಒಂದೇ ರಾತ್ರಿಯಲ್ಲಿ ವರ್ಷದ ದುಡಿಮೆ ಆನೆಯ ಕಾಲಿಗೆ ಸಿಕ್ಕಿ ಹೋಗುವುದನ್ನು ಕಂಡವನನ್ನು ದೂರದಿಂದ ಕುಳಿತು ಜರೆಯುವುದು ಸುಲಭ. ಆದರೂ ಕೇಪಿನ ಕೋವಿಗೆ ಚರೆ ತುಂಬಿಯೋ, ಹಂದಿಗೆಂದಿಟ್ಟ ತೋಟಾವನ್ನೇ ಹಾಕಿಯೋ ಆನೆಯ ಮೈಗೆ ಹಾರಿಸುವುದರಿಂದ ಆನೆ ಸಾಯುವುದಿಲ್ಲ, ಓಡಿಹೋಗುವುದೂ ಖಚಿತವಿಲ್ಲ. ಚರೆ ತೊಗಲಿನಡಿಯಲ್ಲಿ ಉಳಿದು, ಕೀವುಗಟ್ಟಿ, ತಿಂಗಳುಗಟ್ಟಲೆ ನೋಯುತ್ತದೆ. ಸತ್ತ ಆನೆಗಳ ಶವಪರೀಕ್ಷೆಯಲ್ಲಿ ಇಂತಹ ಚರೆ, ಗುಂಡುಗಳು ದೊರೆತ ವರದಿಗಳನ್ನು ನಾವು ಓದುತ್ತಲೇ ಇದ್ದೇವೆ. ನೋಯುತ್ತಿರುವ ಸಲಗವು ಮುಂದೆ ಎದುರಾಗುವುದು ಹೊಡೆದವನಿಗೇ ಆಗಬೇಕೆಂದಿಲ್ಲ, ಮುಂಜಾನೆ ಕೆಲಸಕ್ಕೆ ಹೊರಟ ಕೂಲಿಯವಳಿಗೂ ಆಗಬಹುದು. ಕಾನೂನಿನ ಭಯದ ಮಾತು ಹಾಗಿರಲಿ; ಬೆದರಿಸುವುದಕ್ಕೆಂದು ಜೀವಕ್ಕೆ ಗುಂಡು ಹಾಕುವ ಪದ್ಧತಿಯೇ ಎಲ್ಲಕ್ಕಿಂತ ಕ್ರೂರವಾದುದೆಂದು ಊರಿನ ಹಿರಿಯರಾದರೂ ತಿಳಿಹೇಳಬೇಕು. 11ನೆಯ ಪ್ರಕರಣದ ಮೇರೆಗೆ ನಿಜವಾಗಿಯೂ ಕೊಲ್ಲಬೇಕಾಗಿ ಬಂದಾಗಲೂ, ದೊರೆತ ಬಂದೂಕಿಗೆ ದೊರೆತ ತೋಟಾವನ್ನು ತುರುಕುವ ಅವಸರ ತರವಲ್ಲ. ಯಾವ ಮೃಗ, ಯಾವ ದೂರ, ಯಾವ ಗುಂಡು ಎಂಬುದನ್ನು ಮೊದಲೇ ನಿರ್ಧರಿಸಿ, ಅದೇ ಗುಂಡಿನಿಂದ ಅದೇ ಬಂದೂಕನ್ನು ಗುರಿಗೆ ಕೂಡಿಸಿ ನೋಡಿದ ಕೈಗೆ ಮಾತ್ರ ಆ ಕೆಲಸವನ್ನು ಒಪ್ಪಿಸಬೇಕು.

ಗುಂಡಿನ ಆಯ್ಕೆಗೆ ಈಚೆಗೆ ಇನ್ನೊಂದು ಹೊಣೆಯೂ ಸೇರಿದೆ. ಸೀಸದ ಗುಂಡು ಮೃಗದ ಒಡಲಲ್ಲಿ ಅರಳುವಾಗ ನೂರಾರು ಸೂಕ್ಷ್ಮ ಕಣಗಳಾಗಿ ಸಿಡಿಯುತ್ತದೆಂಬುದನ್ನು ಎಕ್ಸ್‌ರೇ ಚಿತ್ರಗಳು ತೋರಿಸಿಕೊಟ್ಟಿವೆ. ಬೇಟೆಗಾರನು ಕಾಡಿನಲ್ಲಿ ಬಿಟ್ಟುಹೋದ ಕರುಳು ಮಾಂಸಗಳನ್ನು ತಿಂದ ಹದ್ದುಗಳಿಗೆ ಆ ಸೀಸವೇ ವಿಷವಾಗುತ್ತದೆ. ಅಳಿವಿನ ಅಂಚಿನಿಂದ ಮರಳಿ ತಂದ ಕ್ಯಾಲಿಫೋರ್ನಿಯದ ಕಾಂಡೋರ್ ಎಂಬ ಮಹಾಗೃಧ್ರಗಳ ಸಾವಿಗೆ ಮುಖ್ಯ ಕಾರಣ ಇದೇ ಎಂದು ಕಂಡುಬಂದಮೇಲೆ, ಆ ರಾಜ್ಯವು 2019ರ ಜುಲೈ ತಿಂಗಳಿಂದ ಎಲ್ಲ ಬೇಟೆಗೂ ಸೀಸದ ಗುಂಡನ್ನು ನಿಷೇಧಿಸಿತು. ಡೆನ್ಮಾರ್ಕು 2024ರಲ್ಲಿ ರೈಫಲಿನ ಸೀಸದ ಗುಂಡನ್ನೂ ಕೈಬಿಟ್ಟಿತು. ಅಲ್ಲಿನ ಬೇಟೆಗಾರರಲ್ಲಿ ಕೆಲವರು ಇದನ್ನು ತಮ್ಮ ಕಸುಬಿನ ಮೇಲಿನ ಆಕ್ರಮಣವೆಂದು ಭಾವಿಸಿದರು. ಆದರೆ ಸೀಸಕ್ಕೆ ಬದಲಾಗಿ ಬಂದ ಪೂರ್ಣ ತಾಮ್ರದ ಗುಂಡು, ಅವರ ಪೂರ್ವಜರು ತವರ ಪಾದರಸಗಳನ್ನು ಬೆರೆಸಿ ಹುಡುಕುತ್ತಿದ್ದ ಗುಣವನ್ನೇ ಹೊತ್ತು ಬಂದಿದೆ. ತಾಮ್ರವು ಸೀಸಕ್ಕಿಂತ ಹಗುರವಾದುದರಿಂದ ಅಷ್ಟೇ ತೂಕಕ್ಕೆ ಗುಂಡು ಉದ್ದವಾಗುತ್ತದೆ, ಅದನ್ನು ಸ್ಥಿರವಾಗಿ ತಿರುಗಿಸಲು ನಳಿಗೆಯ ಸುರುಳಿಗೆರೆ ಇನ್ನಷ್ಟು ಬಿಗಿಯಾಗಿರಬೇಕಾಗುತ್ತದೆ, ವೇಗ ಬಹಳ ಕುಗ್ಗಿದ ದೂರದಲ್ಲಿ ಅದು ಸರಿಯಾಗಿ ಅರಳುವುದಿಲ್ಲ. ಇವು ಅದರ ಮಿತಿಗಳು. ಆದರೆ ಅದು ಮುಂಭಾಗದಲ್ಲಿ ದಳದಳವಾಗಿ ಅರಳಿಯೂ ಚೂರಾಗದೆ, ತನ್ನ ತೂಕವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಉಳಿಸಿಕೊಂಡು ಆಳಕ್ಕೆ ಇಳಿಯುತ್ತದೆ. ಆ ಕಾರಣದಿಂದಲೇ, .30-06ರಲ್ಲಿ 180 ಗ್ರೇನಿನ ಸೀಸದ ಗುಂಡನ್ನು ಹಾರಿಸುತ್ತಿದ್ದವನು ಇಂದು 150 ಇಲ್ಲವೆ 165 ಗ್ರೇನಿನ ತಾಮ್ರದ ಗುಂಡಿನಿಂದ ಅದೇ ಮೃಗವನ್ನು ಅದೇ ಕೋನದಿಂದ ಹೊಡೆಯಬಲ್ಲನು, ಅದೂ ಹೆಗಲಿಗೆ ಮೊದಲಿಗಿಂತ ತುಸು ಕಡಿಮೆ ಒದೆತವನ್ನು ತೆತ್ತು.